ಹೊರಗಿನ ತಿಂಡಿ

ಗದಗಿನ ಅಂಗನವಾಡಿ ಆಯಾ ದ್ಯಾಮವ್ವ ತನ್ನ ಇಬ್ಬರು ಮಕ್ಕಳಿಗೆ ಬೆಂಗಳೂರು ತೋರಿಸಲು ಬಂದಿದ್ದಳು. ಮಕ್ಕಳಿಗೋ ಅಕ್ವೇರಿಯಂ ಎಂಬ ಗಾಜಿನ ಮೀನುಮನೆ ನೋಡುವ ಹಟ. ಟಿಕೆಟ್ ತೆಗೆಸುವಷ್ಟರಲ್ಲಿ ಅವಳ ಸಂಚಿ ಬರಿದಾಯಿತು.

ಬಾಗಿಲಲ್ಲಿ ಟೈ ಕಟ್ಟಿದ ಮ್ಯಾನೇಜರ್ ಅವಳ ರೊಟ್ಟಿ ಗಂಟಿಗೆ ಬೆರಳು ತೋರಿಸಿದ. "ಹೊರಗಿನ ತಿಂಡಿ ಒಳಗೆ ಬಿಡೋದಿಲ್ಲ. ಬಿಸಾಕಿ. ಒಳಗೆ ನಮ್ಮದೇ ಕ್ಯಾಂಟೀನ್ ಇದೆ."

ಕ್ಯಾಂಟೀನಿನ ಬೋರ್ಡು ಅಲ್ಲಿಂದಲೇ ಕಾಣುತ್ತಿತ್ತು. ಒಂದು ಇಡ್ಲಿಗೆ ಇನ್ನೂರು ರೂಪಾಯಿ!

"ಹೊಟ್ಟ್ಯಾಗ ಹಾಕ್ಕೊಂಡು ಹೋದ್ರ ನಡೀತೈತೇನ್ರಿ?"

"ಅದು ನಿಮ್ಮಿಷ್ಟ," ಎಂದು ಆತ ಮುಖ ತಿರುಗಿಸಿದ.

ದ್ಯಾಮವ್ವ ಹೊಸ್ತಿಲ ಹೊರಗೆ, ಕ್ಯೂ ಪಕ್ಕದಲ್ಲೇ ಕೂತು ಗಂಟು ಬಿಚ್ಚಿದಳು. ಮೂರು ದಿನಕ್ಕೆಂದು ಕಟ್ಟಿಕೊಂಡಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಎದುರಿಗಿದ್ದವರನ್ನು ಕರೆಯದೆ ತುತ್ತೆತ್ತುವುದು ಅವಳ ಕಡೆಯ ಪದ್ಧತಿಯಲ್ಲ. "ಊಟಾ ಮಾಡೂಣು ಬರ್ರಿ!" ಎಂದು ಕ್ಯೂಗೆಲ್ಲ ಕೇಳುವಂತೆ ಕೂಗಿದಳು. ಮೊದಲು ಒಂದು ಮಗು ಬಂತು. ಹಿಂದೆಯೇ ಅದರ ಅಪ್ಪ. ಆಮೇಲೆ ಕ್ಯಾಂಟೀನಿನಲ್ಲಿ ಕೂತವರೂ ಎದ್ದು ಬಂದರು.

ಮ್ಯಾನೇಜರ್ ಹೊಸ್ತಿಲಿಗೆ ಓಡಿ ಬಂದ. "ಅಮ್ಮಾ, ದಯವಿಟ್ಟು ಗಂಟು ತಗೊಂಡು ಒಳಗೆ ನಡೀರಿ! ಯಾರೂ ಕೇಳೋದಿಲ್ಲ."

"ಛೇ ಛೇ, ನಿಮ್ಮ ರೂಲ್ಸು ನಾವ್ಯಾಕ ಮುರೀಬೇಕ್ರಿ?" ಎನ್ನುತ್ತ ಅವಳು ಮತ್ತೊಂದು ರೊಟ್ಟಿ ಟಪ್ಪನೆ ಮುರಿದಳು.

ಊಟದ ಹೊತ್ತು ಬೇರೆ. ಚಟ್ನಿಯ ಘಮಕ್ಕೆ ಆತನ ಬಾಯಲ್ಲೂ ನೀರೂರಿತು. ಅತ್ತಿತ್ತ ನೋಡಿ, ಹೊಸ್ತಿಲೊಳಗಿಂದಲೇ ಮೆಲ್ಲಗೆ ಕೈ ಚಾಚಿದ. "ನನಗೂ ಒಂದು ತುಂಡು..."

ದ್ಯಾಮವ್ವ ರೊಟ್ಟಿ ಹಿಂದಕ್ಕೆಳೆದುಕೊಂಡಳು.

"ಸಾಹೇಬ್ರ, ನೀವು ಒಳಗ ನಿಂತೀರಿ. ಹೊರಗಿನ ತಿಂಡಿ ಒಳಗ ಬಿಡಂಗಿಲ್ರಿ."

ಮ್ಯಾನೇಜರ್ ಹೊಸ್ತಿಲು ದಾಟಿ, ಟೈ ಹೆಗಲ ಮೇಲೆ ಹಾಕಿಕೊಂಡು, ಚಕ್ಕಳಮಕ್ಕಳ ಹಾಕಿ ಕೂತ.