ಪಾರವ್ವನ ಪುಸ್ತಕ ಮುಟ್ಟಿದ ಮನೆ

"ಅಜ್ಜಾರ, ಬರೆದವನೇ ತನ್ನ ಪುಸ್ತಕ ಹೊತ್ತು ತಿರುಗುವುದು ತಪ್ಪೇ?"

ಮಠದ ಗುರುಗಳನ್ನು ಹೀಗೆ ಕೇಳಿದ ಶಿಷ್ಯನ ತಲೆ ಪೂರ್ತಿ ನರೆತಿತ್ತು. ನೌಕರಿ ಮುಗಿದ ಮೇಲೆ ಅವನು ತಾನು ಹುಟ್ಟಿ ಬೆಳೆದ ಓಣಿಯ ಬಗ್ಗೆ ಒಂದು ಕಾದಂಬರಿ ಬರೆದಿದ್ದ. ಅದೇ ಮೊದಲನೆಯದು. ಯಾವ ಪ್ರಕಾಶಕನೂ ಒಪ್ಪದಾಗ ತಾನೇ ಅಚ್ಚು ಹಾಕಿಸಿದ. ಪತ್ರಿಕೆಗಳ ಕಚೇರಿಗೆ ಹೋದ. ಗ್ರಂಥಾಲಯಗಳಿಗೆ ಹೋದ. ಫೋನಿನ ಗುಂಪುಗಳಲ್ಲಿ ಮುಖಪುಟದ ಚಿತ್ರ ಹಾಕಿದ. ಎಲ್ಲರೂ ಕೈಮುಗಿದ ಗುರುತು ಕಳಿಸಿದರು, ಪುಸ್ತಕ ಕಳಿಸು ಎಂದವರಿಲ್ಲ. ಕಟ್ಟುಗಳು ಮಂಚದ ಕೆಳಗೆ ಉಳಿದವು. ಇನ್ನು ರದ್ದಿಗೆ ಹಾಕಿಬಿಡುತ್ತೇನೆ ಎಂದು ನಿಶ್ಚಯಿಸಿ, ಅದಕ್ಕೂ ಮೊದಲು ಒಂದು ಮಾತು ಕೇಳೋಣವೆಂದು ಮಠಕ್ಕೆ ಬಂದಿದ್ದ.

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಪಾರವ್ವ ಎಂಬ ಹೆಂಗಸು ಖಾನಾವಳಿ ನಡೆಸುತ್ತಿದ್ದಳು. ಗಂಡ ಸತ್ತ ಮೇಲೆ ಹಿಡಿದ ಕೆಲಸ. ಆಕೆಯ ಜೊತೆ ರೊಟ್ಟಿ ಬಡಿಯಲು ದುಂಡವ್ವ ಎಂಬವಳಿದ್ದಳು. ಇಬ್ಬರೂ ಎದುರುಬದುರು ಕೂತು ಬಡಿಯುವ ಸಪ್ಪಳ ಕೇಳಿಯೇ ಓಣಿಯವರು ಊಟದ ಹೊತ್ತಾಯಿತೆಂದು ತಿಳಿಯುತ್ತಿದ್ದರು. ದುಂಡವ್ವನಿಗೆ ಒಂದು ಚಟವಿತ್ತು. ಉಬ್ಬದ ರೊಟ್ಟಿಗೆ ಆಕೆ ಊಟಕ್ಕೆ ಬರುವವರ ಹೆಸರಿಟ್ಟು ಬೈಯುತ್ತಿದ್ದಳು. ಇದು ಚಾವಡಿಯ ಲೆಕ್ಕ ಬರೆಯುವ ತಲಾಟಿ, ಎಷ್ಟು ಕಾದರೂ ಏಳುವುದಿಲ್ಲ. ಇದು ಡ್ರಾಯಿಂಗ್ ಮಾಸ್ತರ, ಒಂದೇ ಕಡೆ ಬೆಂದಿದೆ. ಬೈಸಿಕೊಂಡವರೇ ಮೊದಲು ನಗುತ್ತಿದ್ದರು. ಆ ಬೈಗುಳ ಕೇಳಲೆಂದೇ ಕೆಲವರು ಹಸಿವಿಲ್ಲದಿದ್ದರೂ ಬಂದು ಕೂರುತ್ತಿದ್ದರು.

ಒಂದು ದಿನ ದುಂಡವ್ವನ ಅತ್ತಿಗೆ ತೀರಿಕೊಂಡಳು. ಅಣ್ಣನ ಮಕ್ಕಳು ಸಣ್ಣವು. "ಅವು ಒಂದೀಟು ದೊಡ್ಡವಾಗಲಿ, ಬರ್ತೀನಿ" ಎಂದು ಹೇಳಿ ದುಂಡವ್ವ ಹೋದಳು. ಅಣ್ಣನಿಗೆ ಊರೂರು ವರ್ಗವಾಯಿತು. ಮಕ್ಕಳು ದೊಡ್ಡವಾದರು. ಆಕೆ ಬರಲಿಲ್ಲ.

ಪಾರವ್ವನಿಗೆ ವಯಸ್ಸಾಯಿತು. ಖಾನಾವಳಿ ಸೊಸೆಯ ಕೈಗೆ ಹೋಯಿತು. ರೊಟ್ಟಿ ಯಂತ್ರದಲ್ಲಿ ಆಗತೊಡಗಿದವು. ಎಲ್ಲ ರೊಟ್ಟಿಯೂ ಒಂದೇ ಅಳತೆ, ಬೈಯುವುದಕ್ಕೂ ಒಂದು ತಪ್ಪಿಲ್ಲ. ಕೈ ಖಾಲಿಯಾದ ಪಾರವ್ವ ಕೂತು ಬರೆದಳು. ಬರೆಯುತ್ತ ಬರೆಯುತ್ತ ಅದು ಕಾದಂಬರಿಯಾಯಿತು. ಅದರ ತುಂಬ ದುಂಡವ್ವನೇ ಇದ್ದಳು. ಊರೂರಿಗೆ ಪುಸ್ತಕ ಹೋದರೆ ಯಾವುದಾದರೂ ಒಂದು ಊರಿನಲ್ಲಿ ಅದು ದುಂಡವ್ವನಿಗೆ ಸಿಕ್ಕೀತು ಎಂಬುದೊಂದೇ ಆಕೆಯ ಆಸೆ. ಅಚ್ಚು ಹಾಕಿಸಿದಳು.

ಬಿಡುಗಡೆಯ ಸಭೆ ನಡೆಯಿತು. ಪುಸ್ತಕಕ್ಕೆ ಬಣ್ಣದ ಕಾಗದ ಸುತ್ತಿ, ರಿಬ್ಬನ್ ಕಟ್ಟಿ ಕೊಟ್ಟರು. ಮುಖ್ಯ ಅತಿಥಿ ರಿಬ್ಬನ್ ಬಿಚ್ಚಿ, ಎತ್ತಿ ಹಿಡಿದು ಫೋಟೋ ತೆಗೆಸಿಕೊಂಡ. ಆ ಪುಸ್ತಕವನ್ನು ಅವನು ಆಗಲೇ ಮೊದಲ ಸಲ ನೋಡಿದ್ದು. ಆದರೂ ಅದರ ಬಗ್ಗೆ ಮಧ್ಯಾಹ್ನದ ಊಟ ತಣ್ಣಗಾಗುವವರೆಗೆ ಮಾತಾಡಿದ. ಪಾರವ್ವನಿಗೆ ಒಂದು ಶಾಲು ಸಿಕ್ಕಿತು.

ಆಮೇಲೆ ಆಕೆ ತನಗೆ ಗೊತ್ತಿದ್ದ ರೀತಿಯಲ್ಲೇ ಪುಸ್ತಕ ಹಂಚಿದಳು. ಪಂಕ್ತಿಯಲ್ಲಿ ಹೋಳಿಗೆ ಬಡಿಸಿದ ಹಾಗೆ. ಬೇಡ ಎಂದರೆ ಬಿಡುತ್ತಿರಲಿಲ್ಲ. ಕೈ ಅಡ್ಡ ಹಿಡಿದರೆ ಕೈ ಸರಿಸಿ ಕೊಡುತ್ತಿದ್ದಳು. ಮನೆಯವರಿಗೂ ಒಂದು ಇರಲಿ ಎಂದು ಇನ್ನೊಂದು ಇಡುತ್ತಿದ್ದಳು. ಒತ್ತಾಯ ಮಾಡದೆ ಬಡಿಸಿದರೆ ಅದು ಬಡಿಸಿದಂತೆಯೇ ಅಲ್ಲ ಎಂದು ನಂಬಿ ಬಾಳಿದವಳು ಆಕೆ. ಜನ ದಾಕ್ಷಿಣ್ಯಕ್ಕೆ ತೆಗೆದುಕೊಂಡರು. ಹೇಗಿತ್ತು ಎಂದು ಕೇಳಿದರೆ "ಎಲ್ಲಾ ಛಲೋ ಐತ್ರೀ ಅವ್ವಾರ" ಎಂದರು. ಪಲ್ಯವನ್ನು ತಾಟಿನ ಅಂಚಿಗೆ ಸರಿಸಿ, ಊಟ ಬಹಳ ರುಚಿ ಎನ್ನುವವರನ್ನು ಪಾರವ್ವ ಜೀವಮಾನವೆಲ್ಲ ಕಂಡಿದ್ದಳು. ಅವರು ಓದಿಲ್ಲವೆಂದು ಆಕೆಗೆ ತಿಳಿಯಿತು. ಆದರೂ ಹಂಚುವುದು ಬಿಡಲಿಲ್ಲ.

ಓದಿದವನು ಒಬ್ಬ ಬಸ್ ಕಂಡಕ್ಟರ್. ಅವನು ಊಟಕ್ಕೆ ಬಂದಾಗ ಹೇಳಿದ: "ಅವ್ವಾರ, ರೊಟ್ಟಿಗೆ ಹೆಸರಿಟ್ಟು ಬೈಯಾಕಿ ಪುಸ್ತಕದಾಗಷ್ಟ ಇಲ್ರೀ. ನಮ್ಮೂರಾಗ ನಮ್ಮ ಓಣ್ಯಾಗೂ ಒಬ್ಬಾಕಿ ಮುದುಕಿ ಅದಾಳ. ಮೊನ್ನೆ ಒಂದು ಸೀದ ರೊಟ್ಟಿಗೆ ನನ್ನ ಹೆಸರ ಇಟ್ಟಾಳ."

ಪಾರವ್ವ ಮರುದಿನವೇ ಹೋಗಬಹುದಿತ್ತು. ಹೋಗಲಿಲ್ಲ. ಚೀಲ ತುಂಬಿಕೊಂಡು ಬೇರೆ ಊರಿನ ಗ್ರಂಥಾಲಯಕ್ಕೆ ಹೋದಳು. ಅಲ್ಲಿಂದ ಒಂದು ಕಾಲೇಜಿಗೆ ಹೋದಳು. ಗುರುತಿಲ್ಲದವರು ಪುಸ್ತಕ ಬೇಡವೆಂದರೆ ತಡೆದುಕೊಳ್ಳಬಹುದು. ದುಂಡವ್ವ ಇದೆಲ್ಲ ಸುಳ್ಳು ಎಂದುಬಿಟ್ಟರೆ? ಹೀಗೆ ಕೆಲವು ಕಾಲ ಕಳೆಯಿತು. ಕೊನೆಗೆ ಕಂಡಕ್ಟರನೇ ಆಕೆಯನ್ನು ತನ್ನ ಬಸ್ಸಿಗೆ ಹತ್ತಿಸಿಕೊಂಡು ಹೋಗಿ ಆ ಮನೆಯ ಮುಂದೆ ಇಳಿಸಿದ.

ದುಂಡವ್ವ ಹೊಸ್ತಿಲಲ್ಲಿ ಕೂತು ಮೆಂತ್ಯ ಸೋಸುತ್ತಿದ್ದಳು. ಪಾರವ್ವ ಪುಸ್ತಕವನ್ನು ಆಕೆಯ ಕೈಗೆ ತುರುಕಿದಳು. ದುಂಡವ್ವ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಏ ಪಾರೂ, ನನಗ ಓದಾಕ ಬರ್ತಿದ್ರ ನಿನ್ನ ಒಲಿ ಮುಂದ ಯಾಕ ಕೂಡ್ತಿದ್ದೆ?"

ಪಾರವ್ವ ಇದನ್ನು ಮರೆತೇಬಿಟ್ಟಿದ್ದಳು. ನೆನೆದು ನೆನೆದು ಬರೆಯುವಾಗ ಕಾದಂಬರಿಯ ದುಂಡವ್ವ ಎಷ್ಟು ಚೆಂದವಾಗಿಬಿಟ್ಟಿದ್ದಳೆಂದರೆ, ಊಟಕ್ಕೆ ಕೂತವರಿಗೆ ದಿನಾ ಪೇಪರ್ ಓದಿ ಹೇಳುತ್ತಿದ್ದಳು.

"ನೀನ ಓದು. ನಾ ಕೇಳ್ತೀನಿ" ಎಂದಳು ದುಂಡವ್ವ.

ಪಾರವ್ವ ಓದತೊಡಗಿದಳು. ಸಪ್ಪಳ ಕೇಳಿ ನೆರೆಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಕೂತರು. ದುಂಡವ್ವ ನಡುನಡುವೆ ತಡೆದು ನಿಲ್ಲಿಸಿದಳು. "ತಲಾಟಿ ಅಷ್ಟು ಒಳ್ಳೇಂವ ಇದ್ದಿದ್ದಿಲ್ಲ, ತಿದ್ದು" ಎಂದಳು. ಪೇಪರ್ ಓದುವ ಜಾಗ ಬಂದಾಗ, "ನನ್ನ ಕೈಯಾಗ ಪೇಪರ್ ಕೊಟ್ಟೀದಿ, ಮತ್ತ ರೊಟ್ಟಿ ಯಾರು ಬಡದ್ರು, ನಿಮ್ಮಪ್ಪ?" ಎಂದಳು. ಎಲ್ಲರೂ ನಕ್ಕರು. ಪಾರವ್ವನೂ ನಕ್ಕಳು.

ಕೊನೆಯ ಪುಟ ಬಂತು. ಕಾದಂಬರಿಯಲ್ಲಿ ಅಣ್ಣನ ಮನೆಗೆ ಹೋದ ದುಂಡವ್ವ ಒಂದು ಮಧ್ಯಾಹ್ನ ತಿರುಗಿ ಬರುತ್ತಾಳೆ. ಚೀಲ ಗೂಟಕ್ಕೆ ಹಾಕಿ, ಹಿಟ್ಟು ನಾದಲು ಕೂರುತ್ತಾಳೆ.

ಮೆಂತ್ಯ ಸೋಸುವ ಕೈ ನಿಂತಿತು.

"ಬಂದ್ಲು ಅಂತ ಬರದೀಯೇನು?"

"ಹೂಂ."

"ಛಲೋ ಮಾಡೀದಿ. ನನಗ ಬರಾಕ ಆಗಲಿಲ್ಲ" ಎಂದಳು ದುಂಡವ್ವ. ಮೆಂತ್ಯವನ್ನು ಬದಿಗೆ ಸರಿಸಿ ಹೇಳಿದಳು: "ಅದೊಂದು ಇನ್ನೊಮ್ಮೆ ಓದು."

ಗುರುಗಳು ಕತೆಯನ್ನು ಅಲ್ಲಿಗೆ ಮುಗಿಸಿದರು.

ಶಿಷ್ಯ ಕೇಳಿದ, "ಉಳಿದ ಪುಸ್ತಕಗಳು ಏನಾದವು, ಅಜ್ಜಾರ?"

"ಕೇಳಲು ಬಂದ ಹೆಂಗಸರು ಕೆಲವನ್ನು ಕೊಂಡರು. ಮಿಕ್ಕವನ್ನು ಪಾರವ್ವ ಈಗಲೂ ಹೊತ್ತು ತಿರುಗುತ್ತಾಳೆ. ಅದರಲ್ಲಿ ತಪ್ಪೇನೂ ಇಲ್ಲ. ಒತ್ತಾಯ ಮಾತ್ರ ಬಿಟ್ಟಿದ್ದಾಳೆ."

ಶಿಷ್ಯನ ಮುಖ ಗೆಲುವಾಯಿತು. ಹಾಗಾದರೆ ನಾನೂ ರದ್ದಿಗೆ ಹಾಕುವುದಿಲ್ಲ, ಇನ್ನೆರಡು ಜಿಲ್ಲೆಗೆ ಹೋಗಿ ಬರುತ್ತೇನೆ ಎಂದು ಎದ್ದು ನಿಂತ.

ಗುರುಗಳು ಅವನನ್ನು ನೋಡಿ ಕೇಳಿದರು:

"ತಮ್ಮಾ, ನಿನ್ನ ಓಣಿಯ ಯಾರ ಮನೆಯ ಬಾಗಿಲು ತಪ್ಪಿಸಲು ನೀನು ಇಷ್ಟು ಊರು ತಿರುಗುತ್ತಿದ್ದೀ?"