ತಾರಸಿಗೆ ಒಂದು ಕೊಡ ನೀರು

ದಾವಣಗೆರೆಯ ದರ್ಜಿ ಸರ್ವಮಂಗಳಮ್ಮ ಒಂದು ಹಳೇ ಮನೆ ಕೊಳ್ಳಲು ಹೊರಟಳು. ಜೀವಮಾನದ ದುಡಿಮೆಯೆಲ್ಲ ಅದಕ್ಕೇ ಹೋಗಬೇಕು. ಯೋಚನೆಯಲ್ಲಿ ಅನ್ನ ಸೇರುತ್ತಿರಲಿಲ್ಲ. ಮನೆಗೆ ಹೊಸ ಬಣ್ಣ ಬಳಿದಿದ್ದರು. ಅದು ಏನನ್ನು ಮುಚ್ಚಿದೆಯೋ ಎಂದೇ ಅವಳಿಗೆ ಭಯ.

"ಅಣ್ಣಾ, ಇಂಜಿನಿಯರಿಗೆ ಒಂದ್ಸಲ ತೋರಿಸಿ, ಆಮೇಲೆ ಮುಂಗಡ ಕೊಡ್ತೀನಿ" ಎಂದಳು.

ಮಾಲೀಕ ಪಂಪಾಪತಿ ಮೀಸೆ ತಿರುವಿದ. "ನನ್ನ ಮನೆಗೇ ಪರೀಕ್ಷೆನಾ? ಈಗ್ಲೇ ಕೊಡಮ್ಮಾ. ಇಲ್ಲಾಂದ್ರೆ ಬೇರೆಯವರು ಕಾಯ್ತಿದಾರೆ."

ಸರ್ವಮಂಗಳಮ್ಮ ನಕ್ಕಳು. "ಆಯ್ತಣ್ಣ. ಆದ್ರೆ ನಮ್ಮಲ್ಲೊಂದು ಪದ್ಧತಿ ಇದೆ. ಮುಂಗಡಕ್ಕೆ ಮೊದ್ಲು ತಾರಸಿಗೆ ಒಂದು ಕೊಡ ನೀರು ಹಾಕಿ ಗಂಗಮ್ಮನಿಗೆ ಕೈಮುಗೀಬೇಕು. ಮನೆ ಕೊಡೋರು ಎಲೆ ಅಡಿಕೆ ಹಿಡ್ಕೊಂಡು ನಡುಮನೇಲಿ ಕೂತಿರಬೇಕು."

ದೇವರ ಮಾತು ಬಂದ ಮೇಲೆ ಪಂಪಾಪತಿ ಹೇಗೆ ಬೇಡ ಎಂದಾನು? ಇಸ್ತ್ರಿ ಮಾಡಿದ ಬಿಳಿ ಪಂಚೆ ಸರಿಮಾಡಿಕೊಂಡು ನಡುಮನೆಯ ಕುರ್ಚಿಯಲ್ಲಿ ಕೂತ. ಅವಳು ಕೊಡ ಹೊತ್ತು ತಾರಸಿ ಹತ್ತಿದಳು.

ಮೇಲೆ ದಬದಬ ನೀರು ಸುರಿದ ಸದ್ದಾಯಿತು. ಪಂಪಾಪತಿ ಕತ್ತೆತ್ತಿ ಸೂರು ನೋಡಿದ. ಕುರ್ಚಿಯನ್ನು ಗೋಡೆಯ ಕಡೆ ಎಳೆದ. ಸದ್ದು ನಿಲ್ಲಲಿಲ್ಲ. ಬಾಗಿಲ ಕಡೆ ಎಳೆದ. ಕೊನೆಗೆ ಕುರ್ಚಿ ಎತ್ತಿಕೊಂಡು ಅಂಗಳಕ್ಕೇ ಓಡಿ ಬಂದ.

ಸರ್ವಮಂಗಳಮ್ಮ ಮೆಟ್ಟಿಲಿಳಿದು ಬಂದಳು. ಅಂಗಳದಲ್ಲಿ ಕೂತವನನ್ನು ಕಂಡಳು. ಕೊಡ ಕೆಳಗಿಟ್ಟು ಹಗುರ ಮನಸ್ಸಿನಿಂದ ಹೇಳಿದಳು.

"ನೀರು ಸುರಿದದ್ದು ಮೇಲಿದ್ದ ಖಾಲಿ ಡ್ರಮ್ಮಿಗೆ ಅಣ್ಣಾ. ತಾರಸಿ ಇನ್ನೂ ಒಣಗೇ ಇದೆ. ಇಂಜಿನಿಯರ್ ಯಾಕೆ ಬಿಡಿ, ಸೂರು ಸೋರೋದನ್ನ ನೀವೇ ತೋರಿಸಿಬಿಟ್ರಿ."