ಒಂದು ಸಾಲಿನ ಕೆಂಪು

ಕಣ್ಣನ್ನು ಕೊಟ್ಟು, ಕಾಣುವುದಕ್ಕೆ ಬೆಳಕನ್ನು ಕೊಟ್ಟು, ಆ ಬೆಳಕಿನೊಳಗೆ ಇಷ್ಟೆಲ್ಲ ಬಣ್ಣಗಳನ್ನು ಅಡಗಿಸಿಟ್ಟ ಭಗವಂತನಿಗೆ ಮೊದಲ ನಮಸ್ಕಾರ. ಅವನ ಹೆಸರು ಹೇಳಿ ಕೆಲಸಕ್ಕೆ ಕೂರುವುದನ್ನು ಕಲಿಸಿದ ಗುರುವಿಗೆ ಎರಡನೆಯ ನಮಸ್ಕಾರ. ಕೇಳಿದ್ದನ್ನು ಕೇಳಿದಂತೆಯೇ ಹೇಳುವ ಬುದ್ಧಿಯನ್ನು ಅವರು ನನಗೆ ದಯಪಾಲಿಸಲಿ.

ಫಕೀರೇಶನೆಂಬ ಶಿಷ್ಯ ಒಂದು ದಿನ ನಮ್ಮ ಗುರುಗಳನ್ನು ಕೇಳಿದ:

"ಗುರುಗಳೇ, ಬ್ರೌಸರಿಗೆ ತಿಳಿಯುವುದು ಸಾದಾ ಸ್ಟೈಲ್‌ಶೀಟ್ ಒಂದೇ. ಪುಟದ ಬಣ್ಣ ಯಾವುದು, ಅಕ್ಷರ ಎಷ್ಟು ದಪ್ಪ, ಎಲ್ಲವನ್ನೂ ಅದು ಅಲ್ಲಿಂದಲೇ ಓದಿಕೊಳ್ಳುತ್ತದೆ. ತಾವು ಮಾತ್ರ ನಮ್ಮಿಂದ ಬೇರೆಯೇ ಒಂದು ಮೂಲ ಕಡತ ಬರೆಸುತ್ತೀರಿ. ಅದನ್ನು ಪ್ರೀಪ್ರೊಸೆಸರ್ ಎಂಬ ತಂತ್ರಾಂಶ ಓದಬೇಕು, ಓದಿ ಸಾದಾ ಕಡತ ಮಾಡಿಕೊಡಬೇಕು, ಆಮೇಲೆ ಬ್ರೌಸರು ನೋಡಬೇಕು. ಇಷ್ಟು ಸುತ್ತಿ ಬರುವುದೇಕೆ? ಯಾರ ಕಣ್ಣಿಗೂ ಬೀಳದ ಕಡತಕ್ಕೆ ಇಷ್ಟೊಂದು ಉಪಚಾರವೇಕೆ?"

ಗುರುಗಳು ವೆಬ್ ಅಪ್ಲಿಕೇಶನ್ ಕಟ್ಟುವ ವಿದ್ಯೆಯನ್ನು ಇಪ್ಪತ್ತು ವರ್ಷಗಳಿಂದ ಕಲಿಸುತ್ತಿದ್ದವರು. ಪಾಠಕ್ಕೆ ಮೊದಲು ಪ್ರಾರ್ಥನೆ, ಪಾಠದ ನಡುವೆ ಕತೆ, ಇದು ಅವರ ಪದ್ಧತಿ. ಫಕೀರೇಶನ ಪ್ರಶ್ನೆಗೆ ಅವರು ಬೇಸರ ಮಾಡಿಕೊಳ್ಳಲಿಲ್ಲ.

"ಒಳ್ಳೆಯದನ್ನೇ ಕೇಳಿದೆ. ಕೂತುಕೋ" ಎಂದು ಹೇಳಿ ಈ ಕತೆಯನ್ನು ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕಣ್ಣಿನ ವೈದ್ಯನಿದ್ದ. ಪೊರೆ ಬಂದ ಕಣ್ಣುಗಳಿಗೆ ಆಪರೇಷನ್ ಮಾಡುತ್ತಿದ್ದ. ಸುತ್ತಲಿನ ಹಳ್ಳಿಗಳಿಂದ ಮುದುಕರು, ಮುದುಕಿಯರು ಅವನಲ್ಲಿಗೆ ಬರುತ್ತಿದ್ದರು. ಆಪರೇಷನ್ ಆದ ಕಣ್ಣಿಗೆ ಒಂದು ಔಷಧಿ. ಆಗದ ಕಣ್ಣಿಗೆ ಬೇರೆ ಔಷಧಿ. ಎಷ್ಟು ಹನಿ, ಎಷ್ಟು ಸಲ ಎಂಬುದು ವಾರ ವಾರಕ್ಕೂ ಬದಲಾಗುತ್ತಿತ್ತು. ಬಾಯಲ್ಲಿ ಹೇಳಿ ಕಳಿಸಿದರೆ ಬಸ್ಸು ಹತ್ತುವಷ್ಟರಲ್ಲಿ ಮರೆಯುತ್ತಿದ್ದರು. ಚೀಟಿ ಬರೆದುಕೊಟ್ಟರೆ ಅವರಲ್ಲಿ ಅನೇಕರಿಗೆ ಓದಲು ಬರುತ್ತಿರಲಿಲ್ಲ. ಸೀಸೆ ಅದಲು ಬದಲಾದರೆ ಆಪರೇಷನ್ ಆದ ಕಣ್ಣು ಕೆಡಬಹುದು. ಆ ಕಣ್ಣು ಒಮ್ಮೆ ಹೋದರೆ ಹೋದಂತೆಯೇ.

ವೈದ್ಯನಿಗೆ ಇದೇ ಚಿಂತೆಯಾಯಿತು. ಆ ಊರಿನಲ್ಲಿ ವೆಬ್ ಅಪ್ಲಿಕೇಶನ್ ಕಟ್ಟುವ ಒಬ್ಬ ಕುಶಲೆ ಇದ್ದಳು. ಅವನು ಅವಳ ಬಳಿ ಹೋದ.

"ಅಮ್ಮಾ, ನನ್ನ ರೋಗಿಗಳು ಮನೆಯ ಮೊಬೈಲಿನಲ್ಲಿ ನೋಡಿದೊಡನೆ ತಿಳಿಯಬೇಕು. ಅಕ್ಷರವನ್ನು ನಂಬಬೇಡಿ. ಅವರು ಅಕ್ಷರದ ಜನ ಅಲ್ಲ" ಎಂದ.

ಅವಳು ಅಕ್ಷರವನ್ನು ನಂಬಲಿಲ್ಲ. ಬಣ್ಣವನ್ನು ನಂಬಿದಳು. ಪ್ರತಿ ರೋಗಿಗೂ ಒಂದು ಪುಟ, ಪುಟದಲ್ಲಿ ಎರಡು ಕಣ್ಣಿನ ಚಿತ್ರ. ಆಪರೇಷನ್ ಆದ ಕಣ್ಣಿಗೆ ಹಸಿರು, ಆಗದ ಕಣ್ಣಿಗೆ ನೀಲಿ. ಕಣ್ಣಿನ ಕೆಳಗೆ ಎಷ್ಟು ಹನಿಯೋ ಅಷ್ಟು ಚುಕ್ಕೆ. ಆಸ್ಪತ್ರೆಯಲ್ಲಿ ದಾದಿಯು ಸೀಸೆಯ ಕುತ್ತಿಗೆಗೆ ಅದೇ ಬಣ್ಣದ ದಾರ ಕಟ್ಟಿ ಕೊಡುತ್ತಿದ್ದಳು. ಬಣ್ಣಕ್ಕೆ ಬಣ್ಣ ಸೇರಿಸಿದರೆ ಸಾಕು. ಓದು ಬೇಕಾಗಿರಲಿಲ್ಲ.

ಅವಳ ಕೆಲಸದ ರೀತಿಯನ್ನು ನೀವು ತಿಳಿಯಬೇಕು. ಅವಳು ಹಸಿರನ್ನು ಪುಟಪುಟಕ್ಕೂ ಬರೆಯಲಿಲ್ಲ. ಮೂಲ ಕಡತದ ಮೇಲ್ಭಾಗದಲ್ಲಿ ಒಂದೇ ಒಂದು ಸಾಲು ಬರೆದಳು. ಆಪರೇಷನ್ ಆದ ಕಣ್ಣಿನ ಬಣ್ಣ ಇದು ಎಂದು ಹೆಸರಿಟ್ಟಳು. ಮುಂದೆ ಎಲ್ಲೆಲ್ಲಿ ಆ ಬಣ್ಣ ಬೇಕೋ ಅಲ್ಲೆಲ್ಲ ಆ ಹೆಸರನ್ನು ಕರೆದಳು. ಅಂಚಿಗೆ ಸ್ವಲ್ಪ ತಿಳಿಯಾದ ಬಣ್ಣ ಬೇಕಾದಾಗ ಬೇರೊಂದು ಬಣ್ಣವನ್ನು ಹುಡುಕಲಿಲ್ಲ. ಇದೇ ಬಣ್ಣವನ್ನು ಇಷ್ಟು ತಿಳಿ ಮಾಡು ಎಂದು ಬರೆದಳು. ಪ್ರೀಪ್ರೊಸೆಸರ್ ಅದನ್ನು ಓದಿ, ಹೆಸರಿದ್ದಲ್ಲೆಲ್ಲ ಬಣ್ಣ ತುಂಬಿ, ತಿಳಿ ಮಾಡಬೇಕಾದದ್ದನ್ನು ತಿಳಿ ಮಾಡಿ, ಬ್ರೌಸರಿಗೆ ಬೇಕಾದ ಸಾದಾ ಕಡತವನ್ನು ಮಾಡಿಕೊಟ್ಟಿತು. ಆ ಮೂಲ ಕಡತವನ್ನು ಓದಿದವರಿಗೆ ಒಂದು ಒಪ್ಪವಾದ ಮನೆಯೊಳಗೆ ನಡೆದಂತೆ ಆಗುತ್ತಿತ್ತು. ಯಾವ ವಸ್ತು ಎಲ್ಲಿರಬೇಕೋ ಅಲ್ಲಿತ್ತು. ಒಂದನ್ನೂ ಎರಡು ಸಲ ಇಟ್ಟಿರಲಿಲ್ಲ.

ಅವಳಿಗೆ ಒಬ್ಬ ಜೊತೆಗಾರನಿದ್ದ. ಕೆಟ್ಟವನಲ್ಲ. ಕೈ ಚುರುಕು, ಮಾತು ಇನ್ನೂ ಚುರುಕು.

ಒಮ್ಮೆ ಕುಶಲೆ ತಂಗಿಯ ಬಾಣಂತನಕ್ಕೆಂದು ಪರಊರಿಗೆ ಹೋದಳು. ಆಗ ವೈದ್ಯ ಓಡಿಬಂದ.

"ನನ್ನ ರೋಗಿಗಳಿಗೆ ಹಸಿರಿಗೂ ನೀಲಿಗೂ ಭೇದ ತಿಳಿಯುತ್ತಿಲ್ಲ. ಪೊರೆ ಇರುವ ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತದಂತೆ. ಹಸಿರನ್ನು ತೆಗೆದು ಕೆಂಪು ಮಾಡಿಕೊಡಿ. ನಾಳೆಯಿಂದ ದಾರವನ್ನೂ ಕೆಂಪು ಕಟ್ಟಿಸುತ್ತೇನೆ. ಹಳೆಯ ರೋಗಿಗಳ ಮನೆಗೂ ಕೆಂಪು ದಾರ ಕಳಿಸುತ್ತೇನೆ" ಎಂದ.

ಜೊತೆಗಾರನಿಗೆ ಮೂಲ ಕಡತ ಇರುವುದು ಗೊತ್ತಿತ್ತು. ಅದರಲ್ಲಿ ಯಾವುದು ಎಲ್ಲಿದೆ ಎಂಬುದು ಗೊತ್ತಿರಲಿಲ್ಲ. ಸಾದಾ ಕಡತ ಕಣ್ಣೆದುರಿಗೇ ಇತ್ತು. ಅದನ್ನು ತೆರೆದ. ಹಸಿರು ಬಂದಲ್ಲೆಲ್ಲ ಕೈಯಿಂದ ಕೆಂಪು ಬರೆದ. ಮೂವತ್ತೇಳು ಕಡೆ ಬರೆದ. ಅರ್ಧ ದಿನ ಹಿಡಿಯಿತು. ಪುಟ ಕೆಂಪಾಯಿತು. ವೈದ್ಯ ಬೆನ್ನು ತಟ್ಟಿದ.

"ಅವರಿದ್ದಿದ್ದರೆ ಮೊದಲು ದೇವರಿಗೆ ಕೈಮುಗಿದು, ಆಮೇಲೆ ಬಣ್ಣಕ್ಕೆ ನಾಮಕರಣ ಮಾಡಿ, ಆಮೇಲೆ ಹಚ್ಚುತ್ತಿದ್ದರು. ನಮ್ಮದು ನೇರ ಲೆಕ್ಕ" ಎಂದ ಜೊತೆಗಾರ. ಇಬ್ಬರೂ ನಕ್ಕರು.

ಹತ್ತು ದಿನದ ಮೇಲೆ ಕುಶಲೆ ಹಿಂತಿರುಗಿದಳು. ಕೆಂಪಿನ ವಿಷಯ ಹೇಳುವುದನ್ನು ಜೊತೆಗಾರ ಮರೆತ. ಹನಿಯ ಚುಕ್ಕೆಗಳು ಇನ್ನೂ ದೊಡ್ಡವಾಗಿರಲಿ ಎಂದು ದಾದಿ ಕೇಳಿದ್ದಳು. ಕುಶಲೆ ಮೂಲ ಕಡತದಲ್ಲಿ ಚುಕ್ಕೆಯ ಅಳತೆ ಬದಲಿಸಿ ಪ್ರೀಪ್ರೊಸೆಸರನ್ನು ಓಡಿಸಿದಳು. ಅದು ತನ್ನ ಧರ್ಮದಂತೆ ಮೂಲವನ್ನು ಓದಿ, ಹಳೆಯ ಸಾದಾ ಕಡತವನ್ನು ಅಳಿಸಿ, ಹೊಸದನ್ನು ಬರೆಯಿತು. ಮೂಲದಲ್ಲಿ ಇದ್ದದ್ದು ಹಸಿರು. ಮೂವತ್ತೇಳು ಕೆಂಪುಗಳೂ ಒಂದು ಉಸಿರಿನಲ್ಲಿ ಮಾಯವಾದವು. ಕುಶಲೆ ಪುಟವನ್ನು ನೋಡಿದಳು, ಚುಕ್ಕೆ ದೊಡ್ಡದಾಗಿತ್ತು. ಹಸಿರು ಅವಳಿಗೆ ಹೊಸದಲ್ಲ. ಅವಳ ಕಣ್ಣು ಅಲ್ಲಿ ನಿಲ್ಲಲಿಲ್ಲ.

ಮರುದಿನ ಬೆಳಗ್ಗೆ ಅವಳು ಕೆಲಸಕ್ಕೆ ಕೂತ ಹೊತ್ತಿಗೆ ಫೋನು ಬಂತು. ಹೂ ಕಟ್ಟಿ ಮಾರುವ ಒಬ್ಬ ಮುದುಕಿ ಮಾತಾಡಿದಳು.

"ತಂಗೀ, ನಿನ್ನೆವರೆಗೆ ಒಂದು ಕಣ್ಣು ಕೆಂಪು ತೋರಿಸ್ತಿತ್ತು, ಒಂದು ನೀಲಿ. ಇವತ್ತು ಎರಡೂ ನೀಲಿಯಾಗಿವೆ. ನನ್ನ ಕೈಯಲ್ಲಿ ಕೆಂಪು ದಾರದ ಸೀಸೆ ಇದೆ. ಇದನ್ನ ಎಲ್ಲಿಗೆ ಹಾಕಲಿ, ಸೊಸೆ ಕಣ್ಣಿಗಾ?"

"ಎರಡಕ್ಕೂ ನೀಲಿ ಹಾಕಿಬಿಟ್ಟಿರಾ ಅಜ್ಜಿ?"

"ಹಾಕಿದ್ದರೆ ನಿನಗ್ಯಾಕೆ ಫೋನು ಮಾಡ್ತಿದ್ದೆ? ಮಾಲೆಗೆ ಹೂ ಸಾಲದೆ ಬಂದ್ರೆ ಅಂಗಡಿಗೆ ಕೇಳಿ ಕಳಿಸ್ತೀನಿ, ಎಲೆ ತುಂಬಿ ಕಟ್ಟಲ್ಲ. ಎಂಟು ಗಂಟೆಗೆ ಹಾಕಬೇಕು ಅಂದಿದಾರೆ ಡಾಕ್ಟರು. ಬೇಗ ಹೇಳು."

ಕುಶಲೆ ಜೊತೆಗಾರನ ಮುಖ ನೋಡಿದಳು. "ನಾನೇ ಕೈಯಿಂದ ತಿದ್ದಿದ್ದೆ. ಸಾದಾ ಕಡತದಲ್ಲಿ. ನಿಮಗೆ ಹೇಳಲಿಲ್ಲ" ಎಂದ. ಗಡಿಯಾರ ಏಳೂ ಮುಕ್ಕಾಲು ತೋರಿಸುತ್ತಿತ್ತು. ಎಷ್ಟೋ ಮನೆಗಳಲ್ಲಿ ಎಷ್ಟೋ ಕೈಗಳು ಸೀಸೆಯ ಮುಚ್ಚಳ ತೆರೆಯುವ ಸಮಯ ಅದು.

"ಸಾದಾ ಕಡತ ಕೊಡಿ, ಮತ್ತೆ ಒಂದೊಂದಾಗಿ ಕೆಂಪು ಮಾಡುತ್ತೇನೆ" ಎಂದು ಜೊತೆಗಾರ ಕೈ ಚಾಚಿದ.

"ಅಷ್ಟು ಹೊತ್ತು ನಮ್ಮ ಬಳಿ ಇಲ್ಲ" ಎಂದಳು ಅವಳು.

ಅವಳು ಬಯ್ಯಲಿಲ್ಲ. ಗಾಬರಿಯಲ್ಲಿ ಕೈ ತಪ್ಪಲಿಲ್ಲ. ಮನಸ್ಸಿನಲ್ಲಿ ಒಮ್ಮೆ ದೇವರನ್ನು ನೆನೆದಳು. ಮೂಲ ಕಡತವನ್ನು ತೆರೆದಳು. ಮೇಲ್ಭಾಗದ ಆ ಒಂದು ಸಾಲಿನಲ್ಲಿ ಹಸಿರು ಇದ್ದಲ್ಲಿ ಕೆಂಪು ಬರೆದಳು. ಪ್ರೀಪ್ರೊಸೆಸರನ್ನು ಓಡಿಸಿದಳು. ನೀವು ಒಂದು ಲೋಟ ನೀರು ಕುಡಿಯುವಷ್ಟರಲ್ಲಿ ಪುಟಗಳೆಲ್ಲ ಕೆಂಪಾದವು.

ಜೊತೆಗಾರ ನೋಡುತ್ತ ನಿಂತ. ಅವನು ಕೆಂಪು ಮಾಡಿದ್ದ ಮೂವತ್ತೇಳು ಕಡೆಯೂ ಕೆಂಪಾಗಿತ್ತು. ಅವನು ಮಾಡದೆ ಬಿಟ್ಟಿದ್ದ ಕಡೆಯೂ ಕೆಂಪಾಗಿತ್ತು. ಕಣ್ಣಿನ ಸುತ್ತಲಿನ ತಿಳಿ ಹಸಿರು ಅಂಚು ಅವನ ಹುಡುಕಾಟಕ್ಕೆ ಸಿಕ್ಕಿರಲಿಲ್ಲ. ಸಾದಾ ಕಡತದಲ್ಲಿ ಅದಕ್ಕೆ ಬೇರೆಯೇ ಬಣ್ಣದ ಸಂಕೇತವಿತ್ತು. ಹತ್ತು ದಿನ ಕೆಂಪು ಕಣ್ಣಿಗೆ ಹಸಿರು ಅಂಚು ಇದ್ದದ್ದನ್ನು ಯಾರೂ ಗಮನಿಸಿರಲಿಲ್ಲ. ಈಗ ಅದು ತಿಳಿ ಕೆಂಪಾಗಿತ್ತು. ಅವಳು ಅದನ್ನು ಮುಟ್ಟಿರಲೇ ಇಲ್ಲ.

"ಅಜ್ಜಿ, ಈಗ ನೋಡಿ" ಎಂದಳು ಫೋನಿನಲ್ಲಿ.

"ಹಾಂ, ಬಂತು ಕೆಂಪು. ಇನ್ನು ಮೇಲೆ ಬದಲಾಯಿಸೋದಾದ್ರೆ ಒಂದು ಮಾತು ಹೇಳಿ ಬದಲಾಯಿಸಿ" ಎಂದು ಮುದುಕಿ ಫೋನು ಇಟ್ಟಳು.

ಕುಶಲೆ ಅಲ್ಲಿಗೆ ಬಿಡಲಿಲ್ಲ. ಅಂದು ಬೆಳಗ್ಗೆ ಪುಟ ತೆರೆದಿದ್ದವರು ಇಪ್ಪತ್ತೆರಡು ಜನ. ಒಬ್ಬೊಬ್ಬರಿಗೂ ತಾನೇ ಫೋನು ಮಾಡಿದಳು. ಇಪ್ಪತ್ತೊಂದು ಜನ ಪುಟ ಕೆಂಪಾಗುವವರೆಗೆ ಹನಿ ಹಾಕಿರಲಿಲ್ಲ. ಬೇಗ ಏಳುವ ಒಬ್ಬ ಮುದುಕ ಎರಡು ಕಣ್ಣಿಗೂ ನೀಲಿ ದಾರದ ಔಷಧಿಯನ್ನೇ ಹಾಕಿಕೊಂಡಿದ್ದ. ವೈದ್ಯ ಅವನನ್ನು ಕರೆಸಿ ಕಣ್ಣು ತೊಳೆದ. ಮೂರು ದಿನ ಉರಿ ಇತ್ತು. ಭಗವಂತ ದೊಡ್ಡವನು, ಕಣ್ಣು ಉಳಿಯಿತು.

ವೈದ್ಯ ಜೊತೆಗಾರನನ್ನು ಬಯ್ಯಲು ಬಂದ. ಕುಶಲೆ ನಡುವೆ ನಿಂತಳು.

"ಸ್ವಾಮಿ, ಊರಿಗೆ ಹೋಗುವಾಗ ಯಾವುದು ಎಲ್ಲಿದೆ ಎಂದು ಇವರಿಗೆ ನಾನು ತೋರಿಸಿ ಹೋಗಲಿಲ್ಲ. ಇವರ ತಪ್ಪು ಆಮೇಲಿನದು. ನನ್ನದು ಮೊದಲಿನದು" ಎಂದಳು.

ಅಂದೇ ಜೊತೆಗಾರನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೂಲ ಕಡತವನ್ನು ಮೊದಲಿನಿಂದ ಓದಿಸಿದಳು. ಅವನಿಗೆ ನಾಚಿಕೆಯೂ ಆಯಿತು, ಸಂತೋಷವೂ ಆಯಿತು. ಇನ್ನು ಯಾರೂ ಈ ತಪ್ಪು ಮಾಡಬಾರದೆಂದು ಸಾದಾ ಕಡತದ ತಲೆಯ ಮೇಲೆ ದೊಡ್ಡದಾಗಿ ಬರೆದ: ಇಲ್ಲಿ ತಿದ್ದಬೇಡಿ, ಮೂಲದಲ್ಲಿ ತಿದ್ದಿ. ಮರುದಿನ ಪ್ರೀಪ್ರೊಸೆಸರ್ ಓಡಿತು. ಆ ಎಚ್ಚರಿಕೆಯ ಸಾಲೂ ಅಳಿಸಿಹೋಯಿತು. ಕುಶಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವನೂ ನಕ್ಕ. ಆಮೇಲೆ ಅದೇ ಸಾಲನ್ನು ಮೂಲ ಕಡತದಲ್ಲಿ ಬರೆದ. ಅಂದಿನಿಂದ ಪ್ರತಿ ಸಲವೂ ಅದು ತಾನಾಗಿ ಬರುತ್ತಿದೆ.

ಗುರುಗಳು ಕತೆ ಮುಗಿಸಿ ಸ್ವಲ್ಪ ನೀರು ಕುಡಿದರು.

ಫಕೀರೇಶನಿಗೆ ಇನ್ನೊಂದು ಮಾತು ಉಳಿದಿತ್ತು. ಅವನು ಅದನ್ನು ಮುಚ್ಚಿಡುವವನಲ್ಲ.

"ಗುರುಗಳೇ, ಮೂಲದಲ್ಲಿ ಏಕೆ ತಿದ್ದಬೇಕೆಂಬುದು ತಿಳಿಯಿತು. ಆ ತಾಯಿಯ ಕೆಲಸ ದೊಡ್ಡದು. ಆದರೆ ನನಗೆ ಒಂದು ದುಃಖವಿದೆ. ಆ ಇಪ್ಪತ್ತೆರಡು ಜನರಲ್ಲಿ ಒಬ್ಬರೂ ಅವಳ ಮೂಲ ಕಡತವನ್ನು ನೋಡಲಿಲ್ಲ. ಇನ್ನು ಮುಂದೆಯೂ ನೋಡುವುದಿಲ್ಲ. ಅವರ ಕಣ್ಣು ಉಳಿಸಿದ್ದು ಅವರ ಕಣ್ಣಿಗೆ ಎಂದೂ ಬೀಳುವುದಿಲ್ಲವಲ್ಲ. ಕಾಣದ್ದನ್ನು ಯಾರು ತಾನೇ ಗೌರವಿಸುತ್ತಾರೆ?"

ಗುರುಗಳು ಅವನನ್ನು ಪ್ರೀತಿಯಿಂದ ನೋಡಿ ಹೇಳಿದರು:

"ಕೈಮುಗಿದ ಮೇಲೆ ನೀನು ಕಣ್ಣು ಮುಚ್ಚಿಕೊಳ್ಳುತ್ತೀಯಲ್ಲ ಮಗು, ಯಾರನ್ನು ನೋಡುವುದಕ್ಕೆ?"

ಫಕೀರೇಶ ತನ್ನ ಮೂಲ ಕಡತವನ್ನು ತೆರೆದ. ನಾವೂ ನಮ್ಮ ನಮ್ಮದನ್ನು ತೆರೆದೆವು.

ಈ ಕತೆಯನ್ನು ಕೇಳಿದವರ ಕಣ್ಣುಗಳಿಗೆ ಕೊನೆಯವರೆಗೂ ಬೆಳಕಿರಲಿ. ಅವರ ಕೈಗಳ ಕೆಲಸ ಕಂಡರೂ ಕಾಣದಿದ್ದರೂ ಭಗವಂತನಿಗೆ ಒಪ್ಪಿಗೆಯಾಗಲಿ. ಎಲ್ಲರ ಮನೆಯಲ್ಲೂ ನೆಮ್ಮದಿ ನೆಲೆಸಲಿ.